ಒಂಬತ್ತು ದಿನ ಕರೆಂಟ್ ಇಲ್ಲದಿದ್ದರೆ: ಜನರೇಟರ್ ಬೇಕಾ, ಇನ್ನೊಂದು ಬ್ಯಾಟರಿ ಸಾಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಂದು ಒಳಹಳ್ಳಿ. ಪುನರ್ವಸು ಮಳೆಯ ಗಾಳಿಗೆ ಮರಗಳು ಲೈನ್ ಮೇಲೆ ಬಿದ್ದು 9 ದಿನ ಕರೆಂಟ್ ಇರಲಿಲ್ಲ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮರುದಿನ ಬೆಳಿಗ್ಗೆಯೇ ಕೂಗಿಕೊಂಡು ನಿಂತಿತು. ಮನೆಗೂ ತೋಟಕ್ಕೂ ಒಂದೇ ಬೋರ್, 5 ಎಚ್‌ಪಿಯ ತ್ರೀ ಫೇಸ್ ಮೋಟಾರ್. ಅದು ನಿಂತ ಮೇಲೆ ನೀರಿಗೆ ಒದ್ದಾಡಿದೆವು. ಹಳೆ ಬಾವಿ ಇದೆ, ಆದರೆ ಬೋರ್ ತೆಗೆಸಿದ ಮೇಲೆ ಮುಚ್ಚಿಟ್ಟಿದ್ದೇವೆ. ಅತ್ತೆಗೆ 76 ವರ್ಷ, ಇನ್ಸುಲಿನ್ ತಗೊಳ್ತಾರೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಜನರೇಟರ್ ತರೋಣ ಅಂತಾರೆ ನಮ್ಮ ಯಜಮಾನರು. ಇನ್ನೊಂದು ಬ್ಯಾಟರಿ ಹಾಕಿದರೆ ಸಾಕು ಅಂತಾನೆ ಮೈದುನ. ಯಾವುದು ಸರಿ? ಮತ್ತೆ, ಕರೆಂಟ್ ಬಂದ ಮೇಲೆ ಬೋರ್ ಮೋಟಾರ್ ಓಡುತ್ತಿದೆ, ನೀರು ಮಾತ್ರ ಸಣ್ಣಗೆ ಬರುತ್ತಿದೆ. ಮೋಟಾರ್ ಹಾಳಾಯಿತಾ?

ಉತ್ತರ: ಇಬ್ಬರಿಗೂ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ನಿಮ್ಮ ಮನೆಗೆ ಮೊದಲು ಬೇಕಾದದ್ದು ಜನರೇಟರೂ ಅಲ್ಲ, ಬ್ಯಾಟರಿಯೂ ಅಲ್ಲ. ಬಾವಿಗೆ ಒಂದು ರಾಟೆ ಮತ್ತು ಗಟ್ಟಿ ಹಗ್ಗ. ಯಾಕೆ ಅಂತ ಹೇಳುವ ಮೊದಲು, 9 ದಿನ ಯಾಕಾಯಿತು ಅನ್ನುವುದನ್ನು ನೋಡೋಣ. ಅದು ಗೊತ್ತಿದ್ದರೆ ಮುಂದಿನ ಸಲ ಎಷ್ಟು ದಿನಕ್ಕೆ ತಯಾರಾಗಬೇಕು ಅನ್ನುವುದು ನಿಮಗೇ ತಿಳಿಯುತ್ತದೆ.

ನಾನು ಮೂವತ್ತು ಚಿಲ್ಲರೆ ವರ್ಷ ಲೈನ್ ಕೆಲಸದಲ್ಲೇ ಇದ್ದವನು, ಅದರಲ್ಲಿ ಅರ್ಧ ಮಲೆನಾಡಿನಲ್ಲಿ. ಅಲ್ಲಿ ಲೈನ್ ಹೋಗುವುದು ಕಾಡು, ಅಕೇಶಿಯಾ ಪ್ಲಾಂಟೇಶನ್, ಅಡಿಕೆ ತೋಟಗಳ ಮಧ್ಯೆ. ಅಕೇಶಿಯಾ ಬೇಗ ಬೆಳೆಯುತ್ತದೆ, ಬೇಗ ಉರುಳುತ್ತದೆ. ಒಂದು ಮರ ತಂತಿಯ ಮೇಲೆ ಬಿದ್ದರೆ ಮುರಿಯುವುದು ಒಂದೇ ಕಂಬ ಅಲ್ಲ. ತಂತಿ ಎಳೆದ ರಭಸಕ್ಕೆ ಆಚೀಚೆಯ ನಾಲ್ಕೈದು ಕಂಬಗಳು ವಾಲುತ್ತವೆ. ಸಿಮೆಂಟ್ ಕಂಬ ಒಂದೊಂದೂ ಕಾಲು ಟನ್ನಿಗಿಂತ ಭಾರ. ಲಾರಿ ಹೋಗದ ಗದ್ದೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ಅದನ್ನು ಜನರೇ ಹಗ್ಗ ಕಟ್ಟಿ ಹೊರಬೇಕು.

ರಿಪೇರಿಗೂ ಒಂದು ಸರದಿ ಇದೆ. ಮೊದಲು ಸ್ಟೇಷನ್‌ಗೆ, ಅಂದರೆ ವಿದ್ಯುತ್ ಸಬ್‌ಸ್ಟೇಷನ್‌ಗೆ, ಬರುವ ದೊಡ್ಡ ಲೈನ್. ಆಮೇಲೆ ಅಲ್ಲಿಂದ ಊರುಗಳಿಗೆ ಹೊರಡುವ 11 ಕೆವಿ (11 ಸಾವಿರ ವೋಲ್ಟ್) ಲೈನ್, ಅಂದರೆ ಫೀಡರ್‌ನ ಮುಖ್ಯ ದಾರಿ. ಅದರಲ್ಲೂ ಆಸ್ಪತ್ರೆ, ಊರಿನ ನೀರಿನ ಪಂಪ್‌ಹೌಸ್ ಮುಂದೆ. ನಂತರ ಒಳಗಿನ ಕವಲು ಲೈನ್, ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್), ಕಡೆಗೆ ಮನೆಗೆ ಬರುವ ತಂತಿ. ಒಂದು ಕಂಬ ನಿಲ್ಲಿಸಿದರೆ ಐನೂರು ಮನೆಗೆ ಬೆಳಕು ಬರುವ ಕಡೆ ಗ್ಯಾಂಗ್ ಮೊದಲು ಹೋಗುತ್ತದೆ. ಎಂಟು ಮನೆಯ ಟಿಸಿ ಕಡೆಗೆ ಕೊನೆಗೆ ಬರುತ್ತದೆ. ಇಷ್ಟಾದ ಮೇಲೂ ಚಾರ್ಜ್ ಮಾಡಿದ ಕೂಡಲೇ, ಅಂದರೆ ಲೈನಿಗೆ ಕರೆಂಟ್ ಬಿಟ್ಟ ಕೂಡಲೇ, ಅದು ಟ್ರಿಪ್ ಆಗಿ ನಿಲ್ಲುತ್ತದೆ, ಏಕೆಂದರೆ ಎಲ್ಲೋ ಹಳ್ಳದಾಚೆ ಇನ್ನೊಂದು ಬಿದಿರು ಮೆಳೆ ತಂತಿಗೆ ಒರಗಿರುತ್ತದೆ. ಆಗ ಸ್ವಿಚ್ ತೆಗೆದು ಲೈನನ್ನು ತುಂಡು ತುಂಡಾಗಿ ಪರೀಕ್ಷೆ ಮಾಡುತ್ತಾ ಹೋಗಬೇಕು. ನೀವು ಫೀಡರ್‌ನ ತುದಿಯಲ್ಲಿದ್ದೀರಿ. ನಿಮ್ಮಂಥ ಮನೆಗೆ ಒಂದು ವಾರ ಅನ್ನುವುದು ಅಪರೂಪವಲ್ಲ. 2019ರ ಮೇ ತಿಂಗಳಲ್ಲಿ ಫನಿ ಚಂಡಮಾರುತ ಹೊಡೆದಾಗ ಒಡಿಶಾದ ಪುರಿಯ ಸುತ್ತಮುತ್ತ ಎಷ್ಟೋ ಮನೆಗಳಿಗೆ ಕರೆಂಟ್ ಬರಲು ವಾರಗಳೇ ಬೇಕಾದವು. ಅದು ಬಯಲು ಸೀಮೆ, ಲಾರಿ ಓಡಾಡುವ ಜಾಗ.

ಅಂದರೆ ಲೆಕ್ಕ ಹಾಕಬೇಕಾದದ್ದು ಹತ್ತು ದಿನಕ್ಕೆ. ಎರಡು ಗಂಟೆಯ ಕರೆಂಟ್ ಕಟ್‌ಗೆ ಮಾಡಿದ ಏರ್ಪಾಡನ್ನೇ ದೊಡ್ಡದು ಮಾಡುತ್ತಾ ಹೋದರೆ ಹತ್ತು ದಿನಕ್ಕೆ ಸಾಲುವುದಿಲ್ಲ. ನಿಮ್ಮ ಮನೆಯಲ್ಲಿ ಇಬ್ಬರೂ ಎಡವಿರುವುದು ಇಲ್ಲೇ.

ಇನ್ವರ್ಟರ್ ಲೆಕ್ಕ ನೋಡಿ. 150 ಎಎಚ್, 12 ವೋಲ್ಟ್. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಬ್ಯಾಟರಿಯನ್ನು ತಳ ಕಾಣಿಸುವಂತಿಲ್ಲ, ಇನ್ವರ್ಟರ್ ಕೂಡ ಸ್ವಲ್ಪ ನುಂಗುತ್ತದೆ. ಕೈಗೆ ಸಿಗುವುದು ಸುಮಾರು 1.2 ಯೂನಿಟ್, ಅದೂ ಬ್ಯಾಟರಿ ಹೊಸದಾಗಿದ್ದರೆ. ಇನ್ನು ಮೊದಲ ದಿನ ನಿಮ್ಮ ಮನೆಯಲ್ಲಿ ಏನಾಗಿರಬಹುದು ಅಂತ ಊಹಿಸುತ್ತೇನೆ. 9 ವ್ಯಾಟಿನ ಆರು ಬಲ್ಬ್ ಐದು ಗಂಟೆ: 270 ವ್ಯಾಟ್-ಅವರ್. ಟಿವಿ ನಾಲ್ಕು ಗಂಟೆ: 320. ವೈಫೈ ಡಬ್ಬಿ 10 ವ್ಯಾಟ್, ಇಡೀ ದಿನ: 240. ಬಹುಶಃ ಆ ಡಬ್ಬಿ ಸುಮ್ನೆ ಮಿಣುಕುತ್ತಿತ್ತು, ಕಂಬದ ಜೊತೆ ಇಂಟರ್ನೆಟ್ ತಂತಿಯೂ ಬಿದ್ದಿರುತ್ತದಲ್ಲ! ಇಷ್ಟಕ್ಕೆ 830 ಆಯಿತು. ಉಳಿದದ್ದು ಎಲ್ಲಿ ಹೋಯಿತು?

ಇನ್ವರ್ಟರೇ ತಿಂದಿತು. ಏನೂ ಉರಿಸದಿದ್ದರೂ ಆನ್ ಆಗಿರುವ ಇನ್ವರ್ಟರ್ ಹತ್ತು ಇಪ್ಪತ್ತು ವ್ಯಾಟ್ ತಿನ್ನುತ್ತಲೇ ಇರುತ್ತದೆ. 15 ಅಂತ ಹಿಡಿದರೂ 24 ಗಂಟೆಗೆ 360. ಒಟ್ಟು 1190. ಒಂದೇ ದಿನಕ್ಕೆ ಬ್ಯಾಟರಿ ಖಾಲಿ. ಮೈದುನ ಹೇಳಿದಂತೆ ಇನ್ನೊಂದು ಬ್ಯಾಟರಿ ಇದ್ದಿದ್ದರೆ ಎರಡನೇ ದಿನ ಕೂಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಅದೇ ಬ್ಯಾಟರಿಯನ್ನು ಕಣಜದ ಭತ್ತ ಅಳೆದ ಹಾಗೆ ಅಳೆದು ಖರ್ಚು ಮಾಡಿ. ದೊಡ್ಡ ಗಾಳಿ ಬಂದು, ಮರ ಬಿದ್ದ ಸುದ್ದಿ ಕೇಳಿದ ಕೂಡಲೇ ಇನ್ವರ್ಟರ್‌ನ ಬಟನ್ ಒತ್ತಿ ಪೂರ್ತಿ ಆಫ್ ಮಾಡಿ. ಸಂಜೆ ನಾಲ್ಕು ಗಂಟೆ ಮಾತ್ರ ಆನ್ ಮಾಡಿ. 5 ವ್ಯಾಟಿನ ಎರಡು ಬಲ್ಬ್, ಅಡುಗೆಮನೆಯಲ್ಲೊಂದು, ಜಗುಲಿಯಲ್ಲೊಂದು. ಅದೇ ಹೊತ್ತಿನಲ್ಲಿ ಮೂರು ಫೋನ್ ಚಾರ್ಜ್. ದಿನಕ್ಕೆ 150ರ ಒಳಗೆ ಮುಗಿಯುತ್ತದೆ. 1.2 ಯೂನಿಟ್ ಎಂಟು ದಿನ ಬರುತ್ತದೆ. ಹೊಸದೇನೂ ಕೊಳ್ಳದೆ ಒಂದು ದಿನದ್ದು ಎಂಟು ದಿನವಾಯಿತು. ರಾತ್ರಿ ಬಚ್ಚಲಿಗೆ ಹೋಗಲು ಒಂದೆರಡು ರೀಚಾರ್ಜ್ ಟಾರ್ಚ್ ಇರಲಿ. ರೇಷನ್ ಸೀಮೆಎಣ್ಣೆ ಈಗ ಹೆಚ್ಚಿನ ಕಡೆ ಸಿಗುವುದಿಲ್ಲ, ಲಾಟೀನಿನ ಆಸೆ ಬಿಡಿ. ಮಕ್ಕಳಿರುವ ಮನೆಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ. ಖಾಲಿಯಾದ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟ್‌ಗಳು ಗಟ್ಟಿಯಾಗಿ ಚಾರ್ಜ್ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ. ಕರೆಂಟ್ ಬಂದ ಮೇಲೆ ಮಧ್ಯೆ ಮಧ್ಯೆ ಖರ್ಚು ಮಾಡದೆ ಒಂದು ದಿನ ಪೂರ್ತಿ ಚಾರ್ಜ್ ಆಗಲು ಬಿಡಿ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಮಳೆ ನೀರೂ ಶುದ್ಧವೇ ಅಲ್ವಾ ಅಂತ ಅದನ್ನೇ ಸುರಿದವರನ್ನು ಕಂಡಿದ್ದೇನೆ. ಬೇಡಿ.

ಈಗ ಜನರೇಟರ್. ನಿಮ್ಮ ಯಜಮಾನರ ಮನಸ್ಸಿನಲ್ಲಿ ಇರುವುದು ನೀರು ಅಂತ ಕಾಣುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ 2 ಕೆವಿಎ ಪೆಟ್ರೋಲ್ ಜನರೇಟರ್ ಸಿಂಗಲ್ ಫೇಸಿನದು. ನಿಮ್ಮ ಬೋರ್‌ನಲ್ಲಿರುವುದು 5 ಎಚ್‌ಪಿ ತ್ರೀ ಫೇಸ್ ಮೋಟಾರ್. ಅದು ಓಡುವಾಗಲೇ ಮೂರೂಮುಕ್ಕಾಲು ಕಿಲೋವ್ಯಾಟಿಗಿಂತ ಜಾಸ್ತಿ ಬೇಡುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸಣ್ಣ ಜನರೇಟರ್ ಅದನ್ನು ಅಲುಗಾಡಿಸಲೂ ಆಗುವುದಿಲ್ಲ. ದುಡ್ಡು ಕೊಟ್ಟು ತಂದ ಮೇಲೆ ಇದು ಗೊತ್ತಾಗುವುದು ಬೇಡ ಅಂತ ಈಗಲೇ ಹೇಳುತ್ತಿದ್ದೇನೆ.

ಅದಕ್ಕೇ ರಾಟೆ ಅಂದದ್ದು. ಬಾವಿಯನ್ನು ಬೇಸಿಗೆ ಮುಗಿಯುವುದರೊಳಗೆ ತೆರೆಸಿ, ಕಸ ತೆಗೆಸಿ. ವರ್ಷಗಟ್ಟಲೆ ಮುಚ್ಚಿದ್ದ ಬಾವಿಗೆ ಯಾರನ್ನೂ ತಕ್ಷಣ ಇಳಿಸಬೇಡಿ. ಒಳಗೆ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ, ಆ ಕೆಲಸ ತಿಳಿದವರಿಗೇ ಬಿಡಿ. ಮನೆಯಲ್ಲಿ ನಾಲ್ಕು ಕೊಡ ಸೇದುವ ಅಭ್ಯಾಸ ಎಲ್ಲರಿಗೂ ಇರಲಿ, ವಾರಕ್ಕೊಮ್ಮೆ ಆದರೂ. ಪಾತ್ರೆ ತೊಳೆಯಲು, ಕಕ್ಕಸಿಗೆ, ಬಟ್ಟೆಗೆ ಬಾವಿ ನೀರೇ ಬೇಕಿಲ್ಲ. ಆಷಾಢದಲ್ಲಿ ಸೂರಿನ ಕೆಳಗೆ ಎರಡು ಡ್ರಮ್ ಇಟ್ಟರೆ ಅರ್ಧ ಗಂಟೆಗೆ ತುಂಬುತ್ತವೆ. ಕುಡಿಯುವ ನೀರನ್ನು ಮಾತ್ರ ಕಡ್ಡಾಯವಾಗಿ ಕುದಿಸಿ, ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು. ದೊಡ್ಡ ಮಳೆಯಲ್ಲಿ ಬಾವಿಗೆ ಹೊರಗಿನ ನೀರು ನುಗ್ಗಿರುತ್ತದೆ. ಮೇಲಿನ ಗುಡ್ಡದಲ್ಲಿ ಒರತೆ ಇದ್ದರೆ ಪೈಪ್ ಹಾಕಿ ಇಳಿಸಿಕೊಳ್ಳುವ ಯೋಚನೆಯನ್ನೂ ಮಾಡಿ. ನಿಮ್ಮ ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದ ನೀರು ಕರೆಂಟ್ ಕೇಳುತ್ತಿರಲಿಲ್ಲ.

ಆದರೂ ಜನರೇಟರ್ ಬೇಕು ಅನ್ನಿಸಿದರೆ, ತನ್ನಿ, ತಪ್ಪಲ್ಲ. ಬಾವಿಗೆ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಪಂಪ್ ಒಂದನ್ನು ಜೊತೆಗಿಡಿ, ಅದು ಸಣ್ಣ ಜನರೇಟರಿಗೆ ತಡೆಯುತ್ತದೆ. ದಿನಕ್ಕೆ ಎರಡೇ ಗಂಟೆ ಓಡಿಸಿ. ಆ ಎರಡು ಗಂಟೆಯಲ್ಲಿ ಟ್ಯಾಂಕ್ ತುಂಬಿಸಿ, ಅದು ಮುಗಿದ ಮೇಲೆ ಫ್ರಿಜ್ ಮತ್ತು ಇನ್ವರ್ಟರ್ ಚಾರ್ಜಿಂಗ್ ಹಾಕಿ. ಒಂದು ಸಂಜೆಗೆ ಸಾಕಾಗುವಷ್ಟು ಬ್ಯಾಟರಿ ತುಂಬುತ್ತದೆ. ಇಡೀ ದಿನ ಓಡಿಸುತ್ತೇನೆ ಅಂದರೆ ಪೆಟ್ರೋಲ್ ಎಲ್ಲಿಂದ? ರಸ್ತೆಗೆ ಮರ ಬಿದ್ದಿರುತ್ತದೆ, ಬಂಕಿನಲ್ಲೂ ಕರೆಂಟ್ ಇರುವುದಿಲ್ಲ.

ಜನರೇಟರಿನಿಂದ ಜೀವ ಹೋಗುವ ದಾರಿ ಎರಡಿವೆ. ಒಂದು ಹೊಗೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ನಿದ್ದೆ ಬಂದ ಹಾಗೆ ಆಗುತ್ತದೆ, ಮಲಗಿದವರು ಏಳುವುದಿಲ್ಲ. ಮಳೆ ಅಂತ ಜಗುಲಿ ಮೇಲೋ ಕೊಟ್ಟಿಗೆಯಲ್ಲೋ ಇಡಬೇಡಿ. ಮನೆಯಿಂದ ಇಪ್ಪತ್ತು ಅಡಿ ಆಚೆ, ಬೇರೆಯಾಗಿ ಒಂದು ತಗಡಿನ ಚಪ್ಪರ, ನಾಲ್ಕೂ ಕಡೆ ತೆರೆದಿರಲಿ. ಥಂಡಿಗೆ ಅಂತ ಬಾಣಲೆಯಲ್ಲಿ ಕೆಂಡ ತುಂಬಿಸಿ ಬಾಗಿಲು ಹಾಕಿದ ಕೋಣೆಯಲ್ಲಿಟ್ಟು ಮಲಗುವುದೂ ಇದೇ ಅಪಾಯ. ಮುಚ್ಚಿದ ಶೆಡ್ಡಿನಲ್ಲಿ ಕಾರ್ ಸ್ಟಾರ್ಟ್ ಮಾಡಿ ಫೋನ್ ಚಾರ್ಜ್ ಮಾಡುವುದೂ ಅಷ್ಟೇ.

ಇನ್ನೊಂದು ದಾರಿಯಲ್ಲಿ ಸಾಯುವುದು ನೀವಲ್ಲ, ಕಂಬದ ಮೇಲಿರುವ ಪವರ್‌ಮನ್. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಜನರೇಟರನ್ನು ಗೋಡೆಯ ಸಾಕೆಟ್‌ಗೆ ಸಿಕ್ಕಿಸುತ್ತಾರೆ, ಇಡೀ ಮನೆಗೆ ಕರೆಂಟ್ ಬರಲಿ ಅಂತ. ಆ ಕರೆಂಟ್ ಮೀಟರ್ ದಾಟಿ ಹೊರಗಿನ ಲೈನಿಗೂ ಹೋಗುತ್ತದೆ. ಟಿಸಿ ತಲುಪಿದರೆ 230 ವೋಲ್ಟ್ ಹಿಂದುಮುಂದಾಗಿ 11 ಸಾವಿರ ವೋಲ್ಟ್ ಆಗುತ್ತದೆ. ಒಮ್ಮೆ ನಾವು ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿದ ಒಪ್ಪಿಗೆ) ತೆಗೆದುಕೊಂಡು, ಇನ್ನೇನು ಹತ್ತಬೇಕು ಅನ್ನುವಾಗ ರೂಢಿಯಂತೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ತಾಗಿಸಿದೆವು. ಚಟ್ ಅಂತ ಕಿಡಿ ಹಾರಿತು. ಸ್ಟೇಷನ್‌ನಲ್ಲಿ ಎಲ್ಲ ಆಫ್ ಇದೆ ಅಂತ ಖಾತ್ರಿ. ಹುಡುಕಿಕೊಂಡು ಹೋದರೆ ತೋಟದಾಚೆಯ ಮನೆಯಲ್ಲಿ ಜನರೇಟರ್ ಓಡುತ್ತಿತ್ತು. ಆ ಮನೆಯ ಹಿರಿಯರು ನಮಗೆ ಕಾಫಿ ಮಾಡಲು ಹೇಳಿದರು, ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ನನ್ನ ಜೊತೆಗಿದ್ದ ಹುಡುಗನ ಕೈ ಆ ಕಾಫಿ ಲೋಟ ಹಿಡಿದಾಗಲೂ ನಡುಗುತ್ತಿತ್ತು. ಮೀಟರ್ ಬೋರ್ಡ್ ಪಕ್ಕ ಚೇಂಜೋವರ್ ಸ್ವಿಚ್ ಹಾಕಿಸಿ, ಅದು ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುತ್ತದೆ. ಇಲ್ಲವಾದರೆ ಜನರೇಟರಿನಿಂದಲೇ ಎಕ್ಸ್‌ಟೆನ್ಶನ್ ವೈರ್ ಎಳೆದು ನೇರ ಫ್ರಿಜ್‌ಗೆ, ಪಂಪಿಗೆ ಕೊಡಿ.

ಈಚೆಗೆ ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಂಡವರು, ನಮಗೇನು ಚಿಂತೆ ಅಂದುಕೊಂಡಿರುತ್ತಾರೆ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಪವರ್‌ಮನ್ ಜೀವ ಉಳಿಸಲೆಂದೇ ಹಾಗೆ ಮಾಡಿರುವುದು.

ಅತ್ತೆಯವರ ಇನ್ಸುಲಿನ್ ಬಗ್ಗೆ ನಾನು ಡಾಕ್ಟರ್ ಅಲ್ಲ, ಆದರೆ ನನಗೂ ಸಕ್ಕರೆ ಕಾಯಿಲೆ ಇದೆ. ಬಳಸುತ್ತಿರುವ ಇನ್ಸುಲಿನ್ ಬಾಟಲಿ ಅಥವಾ ಪೆನ್ನನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಫ್ರಿಜ್ ಹೊರಗೇ ಇಡಬಹುದು, ಬಿಸಿಲು ತಾಗದಿದ್ದರೆ, ತೀರಾ ಸೆಕೆಯಿಲ್ಲದಿದ್ದರೆ. ಎಷ್ಟು ಡಿಗ್ರಿ, ಎಷ್ಟು ದಿನ ಅನ್ನುವುದು ಡಬ್ಬಿಯ ಒಳಗಿನ ಚೀಟಿಯಲ್ಲಿ ಇರುತ್ತದೆ. ನಿಮ್ಮೂರಿನ ಜುಲೈ ತಿಂಗಳ ಹವೆಯೇ ಅರ್ಧ ಫ್ರಿಜ್ ಇದ್ದ ಹಾಗೆ, ಹಾಗಾಗಿ ಈ ಚಿಂತೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಕರಾವಳಿಯಲ್ಲಿ ಮೇ ತಿಂಗಳಲ್ಲಿ ಹೀಗಾದರೆ ಬೇರೆ ಮಾತು. ಅಂಥಲ್ಲಿ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆ ಇಟ್ಟು, ಇನ್ಸುಲಿನ್ ಅದರಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚುತ್ತಾರೆ. ನೇರ ಐಸ್ ಮೇಲೆ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ತೆರೆಯದ ಬಾಟಲಿ ಫ್ರಿಜ್ಜಿನಿಂದ ಹೊರಬಂದ ತಾರೀಕನ್ನು ಅದರ ಮೇಲೆಯೇ ಬರೆದಿಡಿ. ಮಳೆಗಾಲ ಶುರುವಾಗುವ ಮೊದಲು ಡಾಕ್ಟರ್ ಹತ್ತಿರ ಇದನ್ನೆಲ್ಲ ಒಮ್ಮೆ ಕೇಳಿ, ಹದಿನೈದು ದಿನದ ಔಷಧಿ ಹೆಚ್ಚಿಗೆ ತಂದಿಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದುಹೋದಾಗ ಕೊರೊನಾ ಎರಡನೇ ಅಲೆ ನಡೆಯುತ್ತಿತ್ತು, ಆಗ ಈ ಲೆಕ್ಕ ಎಷ್ಟು ಮುಖ್ಯ ಅಂತ ಅನ್ನಿಸಿತ್ತು. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ನಿಮ್ಮಂಥ ಇನ್ವರ್ಟರಿನಲ್ಲಿ ಅದು ಮೂರು ಗಂಟೆ ಓಡೀತು. ಬಿ ಟೈಪ್ ಸಿಲಿಂಡರಿನಲ್ಲಿ 1500 ಲೀಟರ್ ಇರುತ್ತದೆ, ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ. ಅಂಥ ರೋಗಿ ಇದ್ದರೆ ಎರಡನೇ ದಿನದವರೆಗೆ ಕಾಯಬೇಡಿ, ರಸ್ತೆ ಇರುವಾಗಲೇ ಪೇಟೆಯ ನೆಂಟರ ಮನೆಗೆ ಕರೆದುಕೊಂಡು ಹೋಗಿ.

ಅಡುಗೆಮನೆಯ ವಿಷಯ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪಾಗಿರುತ್ತದೆ, ತುಂಬಿದ ಫ್ರೀಜರ್ ಎರಡು ದಿನ. ಹಾಲನ್ನು ಅವತ್ತೇ ಕಾಯಿಸಿ ಹೆಪ್ಪು ಹಾಕಿ. ಮಿಕ್ಸಿ ಇಲ್ಲದ ದಿನಕ್ಕೆ ಒರಳು ತೊಳೆದಿಡಿ.

ಫೋನಿನ ವಿಷಯ ಸ್ವಲ್ಪ ಬೇರೆ. ಟವರಿನ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ಆಮೇಲೆ ನಿಮ್ಮ ಫೋನ್ ಸಿಗ್ನಲ್ ಹುಡುಕಿ ಹುಡುಕಿಯೇ ಚಾರ್ಜ್ ಖಾಲಿ ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಡಿ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು, ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವ ಜಾಗಕ್ಕೆ ಒಬ್ಬರು ಹೋಗಿ ಬನ್ನಿ. ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವುದುಂಟು. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳಿಗೆ ಆ ಹೊತ್ತು ಮೊದಲೇ ಹೇಳಿಟ್ಟರೆ ಅವರೂ ಗಾಬರಿಯಾಗುವುದಿಲ್ಲ. ಹಳೆ ಲ್ಯಾಂಡ್‌ಲೈನ್‌ಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ಬಡಿದುಕೊಳ್ಳುತ್ತಿತ್ತು. ಅದನ್ನೂ ಕಳೆದುಕೊಂಡೆವು.

ಅದೇ ಗುಡ್ಡದ ಮೇಲಿನಿಂದ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ, ನಿಮ್ಮ ಭಾಗದ ಕರೆಂಟ್ ಆಫೀಸಿಗೂ (ಸೆಕ್ಷನ್ ಆಫೀಸ್) ಹೇಳಿ. ಹತ್ತು ಮನೆಯವರು ಹತ್ತು ಸಲ ‘ಯಾವಾಗ ಬರುತ್ತೆ’ ಅಂತ ಕೇಳುವುದರಿಂದ ಏನೂ ಆಗುವುದಿಲ್ಲ. ‘ಇಂಥವರ ಗದ್ದೆಯ ಪಕ್ಕದ ಟಿಸಿಯಿಂದ ಮೂರನೇ ಕಂಬ ಮುರಿದಿದೆ, ಅದರ ಮೇಲೆ ಹಲಸಿನ ಮರ ಇದೆ’ ಅಂತ ಒಬ್ಬರು ಸರಿಯಾಗಿ ಹೇಳಿ, ಫೋಟೋ, ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕಳಿಸಿದರೆ ಗ್ಯಾಂಗಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ದಾರಿಗೆ ಬಿದ್ದ ಮರ ಕಡಿದು ಕೊಡಿ, ಕಂಬ ಹೊರಲು ಕೈ ಕೊಡಿ. ಆದರೆ ತಂತಿಗೆ ತಾಗಿದ ಒಂದೇ ಒಂದು ಕೊಂಬೆಯನ್ನೂ ಮುಟ್ಟಬೇಡಿ. ಎಂಟು ದಿನದಿಂದ ಸತ್ತಿದ್ದ ಲೈನ್‌ಗೆ ಒಂಬತ್ತನೇ ದಿನ ಪರೀಕ್ಷೆಗೆ ಚಾರ್ಜ್ ಕೊಡುತ್ತಾರೆ, ನಿಮಗೆ ಹೇಳಿ ಕೊಡುವುದಿಲ್ಲ. ನೆಲಕ್ಕೆ ಬಿದ್ದ ತಂತಿಯಿಂದ ಮೂವತ್ತು ಅಡಿ ದೂರ ಇರಿ, ದನ ಅತ್ತ ಹೋಗದಂತೆ ನೋಡಿ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟು ಕಾಲು ಜುಂ ಅಂದರೆ ಓಡಬೇಡಿ. ಎರಡು ಕಾಲಿನ ನಡುವಿನ ಅಂತರ ಜಾಸ್ತಿಯಾದಷ್ಟೂ ಮೈಯಲ್ಲಿ ಹರಿಯುವ ಕರೆಂಟ್ ಜಾಸ್ತಿ. ಪಾದ ಎತ್ತದೆ, ಪಕ್ಕಪಕ್ಕದಲ್ಲೇ ಸರಿಸುತ್ತಾ ಹಿಂದೆ ಬನ್ನಿ.

ಕರೆಂಟ್ ಬರುವ ಗಳಿಗೆಗೂ ತಯಾರಿ ಬೇಕು. ಟಿವಿ, ಫ್ರಿಜ್, ಮೋಟಾರ್ ಎಲ್ಲದರ ಸ್ವಿಚ್ ಮೊದಲ ದಿನವೇ ಆಫ್ ಮಾಡಿ, ಜಗುಲಿಯ ಒಂದು ಬಲ್ಬ್ ಮಾತ್ರ ಆನ್ ಇರಲಿ. ಅದೂ ಇನ್ವರ್ಟರ್ ಲೈನಿನದಲ್ಲದ ಹಳೇ ಗಾಜಿನ ಬುರುಡೆ ಬಲ್ಬ್ ಆದರೆ ಒಳ್ಳೆಯದು. ಗಾಳಿಯಲ್ಲಿ ನ್ಯೂಟ್ರಲ್ ತಂತಿ ಕಡಿದಿದ್ದರೆ ಮನೆಗೆ 230ರ ಬದಲು 400 ವೋಲ್ಟ್ ಹತ್ತಿರ ಬರಬಹುದು. ಎಲ್‌ಇಡಿ ಇದನ್ನು ಸರಿಯಾಗಿ ತೋರಿಸುವುದಿಲ್ಲ. ಹಳೇ ಬಲ್ಬ್ ಕಣ್ಣು ಕುಕ್ಕುವಂತೆ ಉರಿದರೆ, ಅಥವಾ ಕೆಂಪಗೆ ಮಂಕಾದರೆ, ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ. ಹತ್ತು ಹದಿನೈದು ನಿಮಿಷ ಸರಿಯಾಗಿ ನಿಂತ ಮೇಲೆ ಒಂದೊಂದೇ ಹಾಕುತ್ತಾ ಬನ್ನಿ.

ಕೊನೆಗೆ ನಿಮ್ಮ ಮೋಟಾರ್. ಅದು ಬಹುಶಃ ಹಾಳಾಗಿಲ್ಲ, ಉಲ್ಟಾ ತಿರುಗುತ್ತಿದೆ. ಹೊಸ ಕಂಬಕ್ಕೆ ತಂತಿ ಕಟ್ಟುವಾಗ ಎರಡು ಫೇಸ್ ಅದಲುಬದಲಾದರೆ ತ್ರೀ ಫೇಸ್ ಮೋಟಾರ್ ಹಿಂದಕ್ಕೆ ಸುತ್ತುತ್ತದೆ. ಸದ್ದು ಮಾಮೂಲಿಯೇ ಇರುತ್ತದೆ, ನೀರು ಮಾತ್ರ ಸಣ್ಣಗೆ. ಮೊದಲು ಪಂಪ್ ಆಫ್ ಮಾಡಿ. ಅದೇ ಟಿಸಿಯ ಪಕ್ಕದ ತೋಟದವರಿಗೂ ಹೀಗೇ ಆಗಿದೆಯಾ ಅಂತ ಕೇಳಿ. ಆಗಿದ್ದರೆ ತಪ್ಪು ಲೈನಿನಲ್ಲಿದೆ, ಸೆಕ್ಷನ್ ಆಫೀಸಿಗೆ ಹೇಳಿದರೆ ಅಲ್ಲೇ ಸರಿಮಾಡುತ್ತಾರೆ. ನಿಮ್ಮೊಬ್ಬರಿಗೇ ಆಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ತೆಗೆದು ಸ್ಟಾರ್ಟರ್ ಹತ್ತಿರ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿಸಿ. ಐದು ನಿಮಿಷದ ಕೆಲಸ. ಇದನ್ನು ನೋಡದೆ ಬೋರ್‌ನಿಂದ ಮೋಟಾರ್ ಮೇಲೆತ್ತಿಸಲು ಮಾತ್ರ ಹೋಗಬೇಡಿ, ಎತ್ತಿ ಇಳಿಸುವ ಖರ್ಚಿನಲ್ಲಿ ಬಾವಿಯ ರಾಟೆ, ಹಗ್ಗ, ಡ್ರಮ್ ಎಲ್ಲ ಬರುತ್ತದೆ.